ಹದಿಮೂರನೆಯ ಹುಡುಗ

ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಜೂನ್ ತಿಂಗಳು ಬಂದಿತೆಂದರೆ ಅನೇಕ ಮನೆಗಳಲ್ಲಿ ಒಂದು ಬಗೆಯ ಕಾತರ ನೆಲೆಸುತ್ತದೆ. ವಸಂತಕಾಲದುದ್ದಕ್ಕೂ ನಡೆದ ಮಕ್ಕಳ ಬೇಸ್‌ಬಾಲ್ ಪಂದ್ಯಗಳು ಮುಗಿಯುತ್ತ ಬಂದು, ಊರಿನ ಎಲ್ಲ ತಂಡಗಳಿಂದಲೂ ಆಯ್ದ ಆಟಗಾರರ ಒಂದು ವಿಶೇಷ ತಂಡ ಪ್ರಕಟವಾಗುವ ಕಾಲವದು. ಈ ತಂಡಕ್ಕೆ ಅಲ್ಲಿಯವರು ‘ಆಲ್ ಸ್ಟಾರ್’ ತಂಡವೆಂದು ಹೆಸರಿಟ್ಟಿದ್ದಾರೆ. ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದರೆ ಹನ್ನೆರಡು ಮನೆಗಳಲ್ಲಿ ಹಬ್ಬ. ಹದಿಮೂರನೆಯ ಹುಡುಗನ ಮನೆಯಲ್ಲಿ ಮಾತ್ರ ಊಟ ಸಪ್ಪೆ.

ಆ ರಾತ್ರಿ ಆ ಹುಡುಗನ ತಂದೆ ಹೇಳುವ ಮಾತು ಪ್ರತಿವರ್ಷವೂ ಒಂದೇ: “ತರಬೇತುದಾರನ ಮಗನಿಗೆ ಸ್ಥಾನ ಸಿಕ್ಕಿತು, ನಮ್ಮ ಹುಡುಗನಿಗೆ ಸಿಕ್ಕಲಿಲ್ಲ. ಇದು ಶುದ್ಧ ಪಕ್ಷಪಾತ.” ತರಬೇತುದಾರನ ಉತ್ತರವೂ ಒಂದೇ: “ನಾನು ಎಲ್ಲರನ್ನೂ ಸಮನಾಗಿ ನೋಡಿದೆ, ಉತ್ತಮರನ್ನೇ ಆರಿಸಿದೆ.” ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ನಮಗೆ ತೋರುವುದು ಸಹಜ. ಆದರೆ ಇಬ್ಬರೂ ತಮಗೆ ಸತ್ಯವೆಂದು ಕಂಡುದನ್ನೇ ಹೇಳುತ್ತಿರಬಹುದು. ಇದು ಹೇಗೆ ಸಾಧ್ಯ? ನೀತಿಶಾಸ್ತ್ರದ ಪ್ರಶ್ನೆಯಂತೆ ಕಾಣುವ ಇದರ ಒಳಗೆ, ಪ್ರಯೋಗಶಾಲೆಯಲ್ಲಿ ನಾವು ದಿನವೂ ಎದುರಿಸುವ ಒಂದು ಪ್ರಶ್ನೆ ಅಡಗಿದೆ. ಅದು ಮಾಪನದ ಪ್ರಶ್ನೆ.

ಆಟವೂ ಆಯ್ಕೆಯೂ

ನಮ್ಮ ವಾಚಕರಿಗೆ ಬೇಸ್‌ಬಾಲ್ ಅಷ್ಟಾಗಿ ಪರಿಚಿತವಲ್ಲ. ಕ್ರಿಕೆಟ್ಟಿನಂತೆ ಇದೂ ಚೆಂಡು ಮತ್ತು ದಾಂಡಿನ ಆಟವೇ. ‘ಪಿಚರ್’ ಎಂಬ ಆಟಗಾರ ಚೆಂಡನ್ನು ನೆಲಕ್ಕೆ ತಾಕಿಸದೆ ನೇರವಾಗಿ ಎಸೆಯುತ್ತಾನೆ; ದಾಂಡಿಗನು ಅದನ್ನು ಹೊಡೆದು, ಚೌಕಾಕಾರದಲ್ಲಿರುವ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ ದೊರೆಯುತ್ತದೆ. ಹೊಡೆದು ಸುರಕ್ಷಿತವಾಗಿ ನೆಲೆ ಸೇರಿದರೆ ಅದಕ್ಕೆ ‘ಹಿಟ್’ ಎಂದು ಹೆಸರು. ಲೆಕ್ಕಕ್ಕೆ ಬರುವ 10 ಸರದಿಗಳಲ್ಲಿ 3 ಹಿಟ್ ಗಳಿಸಿದವನ ಸರಾಸರಿ 0.300. ಹತ್ತರಲ್ಲಿ ಏಳು ಬಾರಿ ಸೋತವನನ್ನೂ ಒಳ್ಳೆಯ ಆಟಗಾರನೆಂದು ಕರೆಯುವ ವಿಚಿತ್ರ ಆಟ ಇದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

ಮಕ್ಕಳಿಗಾಗಿ ಈ ಆಟವನ್ನು ಕ್ರಮಪಡಿಸಿದ ಸಂಸ್ಥೆಗಳಲ್ಲಿ ‘ಲಿಟಲ್ ಲೀಗ್’ ಪ್ರಸಿದ್ಧವಾದುದು. ಪೆನ್ಸಿಲ್ವೇನಿಯ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತ 1939ರಲ್ಲಿ ಮೂರೇ ತಂಡಗಳೊಡನೆ ಇದನ್ನು ಆರಂಭಿಸಿದನು. ಮಕ್ಕಳ ಅಳತೆಗೆ ತಕ್ಕಂತೆ ನೆಲೆಗಳ ನಡುವಣ ದೂರವನ್ನು 90 ಅಡಿಗಳಿಂದ 60 ಅಡಿಗಳಿಗೆ ಇಳಿಸಿದುದು ಇಲ್ಲಿಯ ಮುಖ್ಯ ಮಾರ್ಪಾಟು. 1947ರಲ್ಲಿ ಊರೂರುಗಳ ಆಯ್ದ ತಂಡಗಳ ಮೊದಲ ದೊಡ್ಡ ಪಂದ್ಯಾವಳಿ ನಡೆಯಿತು. ಇಂದು ಅದಕ್ಕೆ ಮಕ್ಕಳ ವಿಶ್ವಸರಣಿಯೆಂಬ ಹೆಸರಿದೆ. 1974ರಿಂದ ಹುಡುಗಿಯರಿಗೂ ಈ ಸಂಸ್ಥೆಯಲ್ಲಿ ಪ್ರವೇಶ ದೊರೆತಿದೆ.

ಈ ಪಂದ್ಯಾವಳಿಯಲ್ಲಿ ಅನ್ಯಾಯಗಳು ನಡೆದಿಲ್ಲವೆಂದಲ್ಲ. 2001ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ತಂಡದ ಪಿಚರ್‌ಗೆ ನಿಯಮ ಹೇಳುವ 12 ವರ್ಷಕ್ಕೆ ಬದಲಾಗಿ 14 ವರ್ಷ ತುಂಬಿತ್ತೆಂದು ಜನನಪತ್ರದಿಂದ ತಿಳಿದುಬಂದು, ಆ ತಂಡದ ಗೆಲುವುಗಳೆಲ್ಲ ರದ್ದಾದುವು. 2014ರಲ್ಲಿ ಅಮೆರಿಕದೊಳಗಣ ಪ್ರಶಸ್ತಿ ಗೆದ್ದ ಶಿಕಾಗೋ ತಂಡವು ತನ್ನ ಎಲ್ಲೆಯ ಹೊರಗಿನ ಮಕ್ಕಳನ್ನು ಸೇರಿಸಿಕೊಂಡಿತ್ತೆಂದು ಸಿದ್ಧವಾಗಿ, 2015ರಲ್ಲಿ ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಲಾಯಿತು. ಎರಡೂ ದೋಷಗಳು ಬೆಳಕಿಗೆ ಬಂದುವು. ಏಕೆಂದರೆ ವಯಸ್ಸಿಗೆ ದಾಖಲೆಯಿದೆ; ಮನೆಯ ವಿಳಾಸಕ್ಕೂ ದಾಖಲೆಯಿದೆ. ಆದರೆ “ಇವನಿಗಿಂತ ಅವನು ಉತ್ತಮ” ಎಂಬ ಮಾತಿಗೆ ಯಾವ ದಾಖಲೆಯಿದೆ? ಪಕ್ಷಪಾತದ ತೊಡಕೆಲ್ಲ ಇಲ್ಲಿಯೇ ಇದೆ.

ಅಳತೆಗೋಲಿನ ಒರಟುತನ

“ಅಂಕಿಗಳಿವೆಯಲ್ಲ! ಯಾರ ಸರಾಸರಿ ಹೆಚ್ಚೋ ಅವರನ್ನು ಆರಿಸಿದರೆ ತೀರಿತು” ಎಂದು ವಾಚಕರು ಹೇಳಬಹುದು. ಇದನ್ನೇ ಪರೀಕ್ಷಿಸೋಣ.

ಮೊದಲು ಒಂದು ಸರಳ ಪ್ರಯೋಗ. ನಿಮ್ಮ ತರಗತಿಯಲ್ಲಿ 40 ಮಂದಿ ಇದ್ದಾರೆ ಎನ್ನಿ. ಪ್ರತಿಯೊಬ್ಬರೂ ಒಂದು ನಾಣ್ಯವನ್ನು 40 ಬಾರಿ ಚಿಮ್ಮಿ, ಎಷ್ಟು ಬಾರಿ ತಲೆ ಬಿದ್ದಿತೆಂದು ಬರೆದುಕೊಳ್ಳಲಿ. ಎಲ್ಲರಿಗೂ 20 ಬರಬೇಕೆಂದು ನ್ಯಾಯ ಹೇಳುತ್ತದೆ. ಆದರೆ ಹತ್ತು ಹನ್ನೊಂದು ಮಂದಿಗೆ 17ಕ್ಕಿಂತ ಕಡಮೆಯೋ 23ಕ್ಕಿಂತ ಹೆಚ್ಚೋ ಬಂದಿರುತ್ತದೆ. ಒಬ್ಬಿಬ್ಬರಿಗೆ 26, 27ರ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ಹಾಗೆ ಬಂದವರನ್ನು ನಾವು ‘ನಾಣ್ಯ ಚಿಮ್ಮುವ ಕಲೆಯಲ್ಲಿ ನಿಪುಣರು’ ಎಂದು ಸನ್ಮಾನಿಸುವುದಿಲ್ಲ. ಆಕಸ್ಮಿಕವೆಂದು ನಕ್ಕು ಬಿಡುತ್ತೇವೆ.

ಈಗ ಆಟದ ಮೈದಾನಕ್ಕೆ ಬರೋಣ. ಒಬ್ಬ ಹುಡುಗನ ನಿಜವಾದ ಸಾಮರ್ಥ್ಯ 0.300 ಎಂದಿಟ್ಟುಕೊಳ್ಳೋಣ. ಎಂದರೆ, ಅವನು ಸಾವಿರಾರು ಸರದಿಗಳನ್ನು ಆಡಿದರೆ ನೂರಕ್ಕೆ ಮೂವತ್ತರಂತೆ ಹಿಟ್ ಗಳಿಸುತ್ತಾನೆ. ಆದರೆ ಒಂದು ಋತುವಿನಲ್ಲಿ ಅವನಿಗೆ ದೊರೆಯುವುದು ಸುಮಾರು 40 ಸರದಿಗಳು ಎಂದು ಭಾವಿಸೋಣ. ಅವನಿಂದ ನಾವು 12 ಹಿಟ್‌ಗಳನ್ನು ನಿರೀಕ್ಷಿಸುತ್ತೇವೆ. ಆಕಸ್ಮಿಕದಿಂದ ಈ ಸಂಖ್ಯೆ ಎಷ್ಟು ಏರಿಳಿಯಬಹುದೆಂಬುದನ್ನು ಸಂಭವನೀಯತೆಯ ಗಣಿತ ಹೇಳುತ್ತದೆ: ಸರದಿಗಳ ಸಂಖ್ಯೆಯನ್ನು ಗೆಲುವಿನ ಪಾಲಿನಿಂದಲೂ ಸೋಲಿನ ಪಾಲಿನಿಂದಲೂ ಗುಣಿಸಿ, ಬಂದುದರ ವರ್ಗಮೂಲವನ್ನು ತೆಗೆದುಕೊಳ್ಳಬೇಕು. 40ನ್ನು 0.3ರಿಂದಲೂ 0.7ರಿಂದಲೂ ಗುಣಿಸಿದರೆ 8.4, ಅದರ ವರ್ಗಮೂಲ ಸುಮಾರು 2.9. ಆದ್ದರಿಂದ ಅದೇ ಹುಡುಗ, ಅದೇ ಸಾಮರ್ಥ್ಯದಿಂದ, ಒಂದು ವರ್ಷ 9 ಹಿಟ್ ಗಳಿಸಿ 0.225 ಎನಿಸಿಕೊಳ್ಳಬಹುದು, ಮರುವರ್ಷ 15 ಗಳಿಸಿ 0.375 ಎನಿಸಿಕೊಳ್ಳಬಹುದು. ಒಂದು ಕಲ್ಲಿಗೆ ತಗುಲಿ ಪಕ್ಕಕ್ಕೆ ಹಾರಿದ ಚೆಂಡು, ಕಣ್ಣಿಗೆ ಬಿಸಿಲು ಹೊಡೆದ ಎದುರಾಳಿ, ಮೂರು ಸಲ ಇಂಥದು ನಡೆದರೆ ಸಾಕು.

ಇಬ್ಬರನ್ನು ಹೋಲಿಸುವಾಗ ತೊಡಕು ಇನ್ನೂ ಹೆಚ್ಚುತ್ತದೆ, ಏಕೆಂದರೆ ಇಬ್ಬರ ದೋಷಗಳೂ ಸೇರಿಕೊಳ್ಳುತ್ತವೆ. ಒಬ್ಬನ ನಿಜ ಸಾಮರ್ಥ್ಯ 0.350, ಇನ್ನೊಬ್ಬನದು 0.300 ಎಂದಿಟ್ಟುಕೊಳ್ಳಿ. ಮೊದಲನೆಯವನು ನಿಸ್ಸಂದೇಹವಾಗಿ ಉತ್ತಮ. ಆದರೂ ತಲಾ 40 ಸರದಿಗಳ ಬಳಿಕ ಎರಡನೆಯವನೇ ಮುಂದಿರುವ ಸಂಭವ ಹೆಚ್ಚುಕಡಮೆ ಮೂರರಲ್ಲಿ ಒಂದು ಪಾಲು! ಒಬ್ಬ ಹುಡುಗನ ಸರಾಸರಿಯಲ್ಲಿರುವ ದೋಷವನ್ನು 0.010ಕ್ಕೆ ಇಳಿಸಬೇಕಾದರೆ 2,100 ಸರದಿಗಳು ಬೇಕು. ವರ್ಷಕ್ಕೆ 40ರಂತೆ ಐವತ್ತೆರಡು ವರ್ಷಗಳು ಹಿಡಿಯುತ್ತವೆ. ಹನ್ನೆರಡು ವರ್ಷದ ಬಾಲಕನಿಗೆ ಆಗ ಅರುವತ್ತನಾಲ್ಕು ಆಗಿ, ಮೊಮ್ಮಕ್ಕಳ ಆಟವನ್ನು ನೋಡುವ ಕಾಲ ಬಂದಿರುತ್ತದೆ.

ಹಾಗಾದರೆ ಆಯ್ಕೆಯೇ ವ್ಯರ್ಥವೆ? ಅಲ್ಲ. ಊರಿನ 72 ಮಕ್ಕಳಲ್ಲಿ ಮೊದಲ ನಾಲ್ಕೈದು ಮಂದಿ ಯಾರೆಂಬುದು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತದೆ. ಅವರ ವಿಷಯದಲ್ಲಿ ಜಗಳವಿಲ್ಲ. ಕೊನೆಯ ಮೂವತ್ತು ಮಂದಿಯ ವಿಷಯದಲ್ಲಿಯೂ ಜಗಳವಿಲ್ಲ. ಒಂಬತ್ತರಿಂದ ಹದಿನಾರರವರೆಗಿನ ಸ್ಥಾನಗಳಲ್ಲಿ ಇರುವವರ ನಡುವಣ ಅಂತರ ಮಾತ್ರ ನಮ್ಮ ಅಳತೆಯ ದೋಷಕ್ಕಿಂತ ಚಿಕ್ಕದು. ಗೆರೆಗಳ ನಡುವೆ ಒಂದು ಮಿಲಿಮೀಟರ್ ಇರುವ ಅಳತೆಪಟ್ಟಿಯಿಂದ ಕೂದಲಿನ ದಪ್ಪವನ್ನು ಅಳೆಯಲು ಹೊರಟಂತೆ ಇದು. ಅಳತೆ ಮೂಕವಾದ ಈ ಎಡೆಯಲ್ಲಿ ಬೇರೆ ಏನೋ ಒಂದು ಮಾತನಾಡಲು ತೊಡಗುತ್ತದೆ. ಪಕ್ಷಪಾತಕ್ಕೆ ಬಾಗಿಲು ತೆರೆಯುವುದು ಇಲ್ಲಿ.

ಪ್ರಾಮಾಣಿಕನ ದೋಷ

ಪಕ್ಷಪಾತವೆಂದೊಡನೆ ನಾವು ಕಪಟವನ್ನು ನೆನೆಯುತ್ತೇವೆ. ಆದರೆ ಕಪಟವಿಲ್ಲದೆಯೂ ಪಕ್ಷಪಾತವಿರಬಹುದೆಂಬುದನ್ನು ವಿಜ್ಞಾನ ತನ್ನ ಮನೆಯಲ್ಲಿಯೇ ಕಲಿತಿದೆ.

1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮಾಸ್ಕೆಲಿನ್ ತನ್ನ ಸಹಾಯಕ ಡೇವಿಡ್ ಕಿನ್ನಿಬ್ರೂಕ್‌ನನ್ನು ಕೆಲಸದಿಂದ ತೆಗೆದುಹಾಕಿದನು. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಕಾಲವನ್ನು, ಗಡಿಯಾರದ ಸದ್ದನ್ನು ಆಲಿಸುತ್ತ ಕಣ್ಣಿನಿಂದ ಅಂದಾಜು ಮಾಡುವುದು ಅವರ ಕೆಲಸ. ಸಹಾಯಕನ ಅಂಕಿಗಳು ಮುಖ್ಯಸ್ಥನ ಅಂಕಿಗಳಿಗಿಂತ ಸುಮಾರು 0.8 ಸೆಕೆಂಡು ತಡವಾಗಿರುತ್ತಿದ್ದುವು. ಅಜಾಗರೂಕತೆಯೆಂದು ಮಾಸ್ಕೆಲಿನ್ ಭಾವಿಸಿದನು. ಕೆಲವು ವರ್ಷಗಳ ತರುವಾಯ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞನು ಈ ವೃತ್ತಾಂತವನ್ನು ಓದಿ, ಇತರ ನುರಿತ ವೀಕ್ಷಕರೊಡನೆ ತನ್ನ ಅಂಕಿಗಳನ್ನು ಹೋಲಿಸಿ ನೋಡಿದನು. ಎಲ್ಲರಲ್ಲಿಯೂ ಇಂಥ ವ್ಯತ್ಯಾಸಗಳಿದ್ದುವು! ಪ್ರತಿಯೊಬ್ಬ ವೀಕ್ಷಕನಲ್ಲಿಯೂ ಅವನಿಗೇ ತಿಳಿಯದ, ಆದರೆ ಒಂದೇ ದಿಕ್ಕಿಗೆ ಎಳೆಯುವ ದೋಷವೊಂದಿರುತ್ತದೆ. ಪಾಪ, ಕಿನ್ನಿಬ್ರೂಕ್ ಕೆಲಸ ಕಳೆದುಕೊಂಡದ್ದು ತಾನು ಮಾಡದ ತಪ್ಪಿಗಾಗಿ.

ಪ್ರಯೋಗಶಾಲೆಯಲ್ಲಿ ನಾವು ದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತೇವೆ. ಒಂದು, ಒಮ್ಮೆ ಆ ಕಡೆಗೂ ಒಮ್ಮೆ ಈ ಕಡೆಗೂ ಓಲುವ ಯಾದೃಚ್ಛಿಕ ದೋಷ. ಲೋಲಕದ ಕಾಲವನ್ನು ಹತ್ತು ಬಾರಿ ಅಳೆದು ಸರಾಸರಿ ತೆಗೆದರೆ ಇದು ಕುಗ್ಗುತ್ತದೆ. ಇನ್ನೊಂದು, ಯಾವಾಗಲೂ ಒಂದೇ ಕಡೆಗೆ ವಾಲುವ ವ್ಯವಸ್ಥಿತ ದೋಷ. ಸೊನ್ನೆಯಲ್ಲಿ ನಿಲ್ಲದ ತಕ್ಕಡಿಯಂತೆ. ಸಾವಿರ ಬಾರಿ ತೂಗಿದರೂ ಇದು ಹೋಗುವುದಿಲ್ಲ. ಹಿಂದಿನ ಭಾಗದಲ್ಲಿ ನಾವು ಕಂಡ ಅದೃಷ್ಟದ ಆಟ ಮೊದಲನೆಯ ಬಗೆಯದು. ಪಕ್ಷಪಾತ ಎರಡನೆಯ ಬಗೆಯದು.

ತರಬೇತುದಾರನಲ್ಲಿ ಈ ಎರಡನೆಯ ದೋಷ ಹುಟ್ಟುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ತನ್ನ ಮಗನ ಆಟವನ್ನು ಅವನು ಮನೆಯಂಗಳದಲ್ಲಿಯೂ ನೋಡಿದ್ದಾನೆ. ಅವನು ಹಿಡಿದ ಕಷ್ಟದ ಚೆಂಡುಗಳೆಲ್ಲ ನೆನಪಿನಲ್ಲಿವೆ. ಬೇರೊಬ್ಬನ ಮಗ ಚೆಂಡನ್ನು ಬಿಟ್ಟರೆ ಅದು ಅವನ ಸಾಮರ್ಥ್ಯ. ತನ್ನ ಮಗ ಬಿಟ್ಟರೆ ಅಂದು ಅವನಿಗೆ ನೆಗಡಿಯಾಗಿತ್ತು. ಇದಲ್ಲದೆ ಇನ್ನೊಂದು ಸಂಗತಿಯನ್ನು ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ 1920ರಲ್ಲಿ ತೋರಿಸಿದನು. ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರ ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ನಡತೆ ಇವುಗಳಿಗೆ ಬೇರೆ ಬೇರೆಯಾಗಿ ಅಂಕ ಕೊಟ್ಟಾಗ, ಆ ಅಂಕಗಳು ನಂಬಲಾಗದಷ್ಟು ಒಂದನ್ನೊಂದು ಹೋಲುತ್ತಿದ್ದುವು. ಒಟ್ಟಿನಲ್ಲಿ ಒಳ್ಳೆಯವನೆಂದು ತೋರಿದವನಿಗೆ ಎಲ್ಲದರಲ್ಲಿಯೂ ಹೆಚ್ಚು! ಎತ್ತರವಾಗಿ, ಚುರುಕಾಗಿ, ಸಮವಸ್ತ್ರ ಒಪ್ಪವಾಗಿ ಧರಿಸಿದ ಹುಡುಗನ ಎಸೆತವೂ ಉಳಿದವರ ಎಸೆತಕ್ಕಿಂತ ವೇಗವಾಗಿ ಕಾಣುತ್ತದೆ.

ತರಬೇತುದಾರನ ಮಗ

ಇರಲಿ, ಪಕ್ಷಪಾತ ನಡೆದಿದೆಯೋ ಇಲ್ಲವೋ ಎಂಬುದನ್ನು ಪಟ್ಟಿಯಿಂದಲೇ ಕಂಡುಹಿಡಿಯಬಹುದೆ? ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 72 ಮಕ್ಕಳಲ್ಲಿ 12 ಮಂದಿ ತರಬೇತುದಾರರ ಮಕ್ಕಳು. ಆರಿಸಬೇಕಾದವರೂ 12. ಕಣ್ಣುಮುಚ್ಚಿ ಚೀಟಿ ಎತ್ತಿದ್ದರೆ ತರಬೇತುದಾರರ ಮಕ್ಕಳು ಸರಾಸರಿ ಇಬ್ಬರು ಬರಬೇಕು. ಪಟ್ಟಿಯಲ್ಲಿ ಆರು ಮಂದಿ ಇದ್ದಾರೆ. ಇದು ಆಕಸ್ಮಿಕವಿರಬಹುದೆ? ಲೆಕ್ಕ ಮಾಡಿದರೆ, ಆರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಬರುವ ಸಂಭವ ಸುಮಾರು 300ರಲ್ಲಿ ಒಂದು.

“ನೋಡಿದಿರಾ, ಪಕ್ಷಪಾತ ಸಿದ್ಧವಾಯಿತು” ಎಂದು ಹದಿಮೂರನೆಯವನ ತಂದೆ ಹೇಳುತ್ತಾನೆ. ಇಲ್ಲಿ ನಾವು ಅವನ ಕೈ ಹಿಡಿದು ನಿಲ್ಲಿಸಬೇಕು. ಸಿದ್ಧವಾದುದು ಒಂದೇ: ಆಯ್ಕೆ ಚೀಟಿ ಎತ್ತಿದಂತೆ ನಡೆದಿಲ್ಲ. ಅದು ಏಕೆಂಬುದಕ್ಕೆ ಬೇರೆ ಕಾರಣವೂ ಇರಬಹುದು. ತಂದೆ ಆಟ ಬಲ್ಲವನಾದರೆ ಮಗ ನಾಲ್ಕು ವರ್ಷದಿಂದಲೇ ಚೆಂಡು ಹಿಡಿದಿರುತ್ತಾನೆ. ಸಂಜೆಯ ಅಭ್ಯಾಸ ಅವನಿಗೆ ದಿನವೂ ದೊರೆತಿರುತ್ತದೆ. ಅವನು ನಿಜವಾಗಿಯೇ ಉತ್ತಮನಿರಬಹುದು. ಆಕಸ್ಮಿಕವನ್ನು ತಳ್ಳಿಹಾಕಿದ ಮಾತ್ರಕ್ಕೆ ನಮಗಿಷ್ಟವಾದ ಕಾರಣವೇ ಗೆದ್ದಿತೆಂದಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಪದೇ ಪದೇ ಎಡವುವ ಕಲ್ಲು ಇದು.

ಎರಡು ಕಾರಣಗಳನ್ನು ಬೇರ್ಪಡಿಸಲು ಒಂದು ಮಾರ್ಗವಿದೆ. ಅಂಚಿನಲ್ಲಿ ಆಯ್ಕೆಯಾದವರನ್ನು ಮಾತ್ರ ನೋಡಬೇಕು. ಒಂದು ವರ್ಷವಲ್ಲ, ಹಲವು ವರ್ಷಗಳ ಪಟ್ಟಿಗಳನ್ನು ಕೂಡಿಸಿ ನೋಡಬೇಕು. ಎಲ್ಲರಿಗೂ ಒಂದೇ ಎತ್ತರದ ಹೊಸಲು ಇದ್ದಿದ್ದರೆ, ಕೊನೆಯ ಸ್ಥಾನಗಳಲ್ಲಿ ಬಂದ ತರಬೇತುದಾರರ ಮಕ್ಕಳೂ ಇತರರ ಮಕ್ಕಳೂ ಮುಂದಿನ ಪಂದ್ಯಗಳಲ್ಲಿ ಸರಾಸರಿ ಸಮನಾಗಿ ಆಡಬೇಕು. ಮೊದಲನೆಯವರು ಕ್ರಮವಾಗಿ ಹಿಂದೆ ಬಿದ್ದರೆ, ಅವರಿಗಾಗಿ ಹೊಸಲನ್ನು ತಗ್ಗಿಸಲಾಗಿತ್ತೆಂದು ಅರ್ಥ. ಆದರೆ ಇದಕ್ಕೆ ದಾಖಲೆಗಳನ್ನು ಇಟ್ಟಿರಬೇಕು. ದಾಖಲೆಯಿಲ್ಲದ ಊರಿನಲ್ಲಿ ಆರೋಪಿಸುವವನಿಗೂ ಆಧಾರವಿಲ್ಲ, ನಿರಪರಾಧಿಗೂ ರಕ್ಷಣೆಯಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅಂಕಿಗಳೂ ಪೂರ್ತಿ ನಿಷ್ಪಕ್ಷಪಾತವಲ್ಲ. ಚೆಂಡು ಹೆಚ್ಚಾಗಿ ಬರುವ ‘ಶಾರ್ಟ್‌ಸ್ಟಾಪ್’ ಸ್ಥಾನದಲ್ಲಿ ಯಾರನ್ನು ನಿಲ್ಲಿಸಬೇಕು, ಚೆಂಡು ಅಪರೂಪಕ್ಕೆ ಸುಳಿಯುವ ‘ರೈಟ್ ಫೀಲ್ಡ್’ನಲ್ಲಿ ಯಾರನ್ನು ನಿಲ್ಲಿಸಬೇಕು, ಯಾರು ಮೊದಲು ದಾಂಡು ಹಿಡಿಯಬೇಕು, ಇವೆಲ್ಲ ಋತುವಿನ ಮೊದಲ ವಾರದಲ್ಲಿಯೇ ತರಬೇತುದಾರ ಮಾಡಿದ ತೀರ್ಮಾನಗಳು. ಕೊನೆಗೆ ಪುಸ್ತಕ ತೆರೆದು “ಇವನು ಹಿಡಿದ ಚೆಂಡುಗಳನ್ನು ನೋಡಿ, ಅವನು ಹಿಡಿದವನ್ನು ನೋಡಿ” ಎಂದರೆ, ತನ್ನ ಧ್ವನಿಯ ಪ್ರತಿಧ್ವನಿಯನ್ನೇ ಸಾಕ್ಷಿಗೆ ಕರೆದಂತೆ. ಪ್ರತಿ ಪಂದ್ಯದಲ್ಲಿಯೂ ಪ್ರತಿಯೊಂದು ಮಗುವಿಗೆ ಕನಿಷ್ಠ ಇಷ್ಟು ಆಟ ದೊರೆಯಲೇಬೇಕೆಂದು ಲಿಟಲ್ ಲೀಗ್ ನಿಯಮ ಮಾಡಿರುವುದು ಈ ದೃಷ್ಟಿಯಿಂದ ವಿವೇಕದ ಕೆಲಸ.

ಹುಟ್ಟಿದ ತಿಂಗಳ ಪಕ್ಷಪಾತ

ಯಾರೂ ಮಾಡದ, ಯಾರಿಗೂ ಕಾಣದ ಪಕ್ಷಪಾತವೊಂದಿದೆ. ಅದು ಪಂಚಾಂಗದ್ದು.

ವಯಸ್ಸಿನ ಗುಂಪು ಮಾಡಬೇಕಾದರೆ ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಅಮೆರಿಕದ ಮಕ್ಕಳ ಬೇಸ್‌ಬಾಲಿನಲ್ಲಿ ಬಹುಕಾಲ ಆ ಗೆರೆ ಜುಲೈ 31ರಂದು ಇತ್ತು. ಆಗಸ್ಟ್ ಮೊದಲ ವಾರದಲ್ಲಿ ಹುಟ್ಟಿದವನು ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ. ಜುಲೈ ಕೊನೆಯಲ್ಲಿ ಹುಟ್ಟಿದವನು ಎಲ್ಲರಿಗಿಂತ ಕಿರಿಯ. ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಬದುಕಿನ ಶೇಕಡ 8ರಷ್ಟು. ಐದಾರು ಸೆಂಟಿಮೀಟರ್ ಎತ್ತರ, ಅದಕ್ಕೆ ತಕ್ಕ ತೋಳುಬಲ, ಒಂದು ವರ್ಷದ ಹೆಚ್ಚಿನ ಅಭ್ಯಾಸ. ಆಯ್ಕೆಗಾರನು ಇದನ್ನೆಲ್ಲ ‘ಪ್ರತಿಭೆ’ ಎಂದು ಓದಿಕೊಳ್ಳುತ್ತಾನೆ.

ಹಾಗೆ ಆರಿಸಲ್ಪಟ್ಟವನಿಗೆ ಉತ್ತಮ ಶಿಕ್ಷಣ, ಹೆಚ್ಚು ಪಂದ್ಯಗಳು, ಬಲವಾದ ಎದುರಾಳಿಗಳು ದೊರೆಯುತ್ತಾರೆ. ಮರುವರ್ಷ ಅವನು ನಿಜವಾಗಿಯೇ ಉತ್ತಮನಾಗಿರುತ್ತಾನೆ. ಧ್ವನಿವರ್ಧಕದ ಮುಂದೆ ಮೈಕನ್ನು ಹಿಡಿದಾಗ ಏಳುವ ಕರ್ಕಶ ಕೂಗನ್ನು ನೀವು ಸಭೆಗಳಲ್ಲಿ ಕೇಳಿರಬಹುದು. ಒಂದು ಸಣ್ಣ ಸದ್ದು ಮೈಕಿನೊಳಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಮತ್ತೆ ಒಳಹೊಕ್ಕು ಇನ್ನೂ ದೊಡ್ಡದಾಗುತ್ತದೆ. ಆಯ್ಕೆಯ ಸಣ್ಣ ತಪ್ಪೂ ಹಾಗೆಯೇ ಬೆಳೆಯುತ್ತದೆ.

ಇದರ ಫಲ ವಯಸ್ಕರ ಆಟದಲ್ಲಿಯೂ ಕಾಣುತ್ತದೆ. ಕೆನಡದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂಬುದನ್ನು ರೋಜರ್ ಬಾರ್ನ್ಸ್‌ಲಿ ಮತ್ತು ಅವನ ಸಂಗಡಿಗರು 1985ರಲ್ಲಿ ಪ್ರಕಟಿಸಿದರು. ಅಲ್ಲಿಯ ಗೆರೆ ಡಿಸೆಂಬರ್ 31. 1991ರಲ್ಲಿ ಬೇಸ್‌ಬಾಲಿನಲ್ಲಿಯೂ ಇದೇ ಬಗೆಯ ಓಲುವಿಕೆಯನ್ನು ತೋರಿಸಿದರು. 1950ರಿಂದೀಚೆಗೆ ಅಮೆರಿಕದಲ್ಲಿ ಹುಟ್ಟಿ ಅತ್ಯುನ್ನತ ವೃತ್ತಿಪರ ತಂಡಗಳನ್ನು ಸೇರಿದವರನ್ನು 2008ರಲ್ಲಿ ಎಣಿಸಿದಾಗ, ಆಗಸ್ಟ್‌ನಲ್ಲಿ ಹುಟ್ಟಿದವರು 500ಕ್ಕೂ ಮೇಲಿದ್ದರು. ಜುಲೈಯಲ್ಲಿ ಹುಟ್ಟಿದವರು 300ಕ್ಕೆ ತುಸು ಮೇಲೆ. ಒಂದು ರಾತ್ರಿಯ ಅಂತರದಲ್ಲಿ ಹುಟ್ಟಿದ ಕೂಸುಗಳ ತೋಳಿನಲ್ಲಿ ಪ್ರಕೃತಿ ಇಷ್ಟು ಭೇದವಿಟ್ಟಿರಲಾರದು.

ಕಾರಣ ಗೆರೆಯೇ ಎಂಬುದಕ್ಕೆ ಆಸ್ಟ್ರೇಲಿಯದ ಕಾಲ್ಚೆಂಡಾಟ ಒಳ್ಳೆಯ ಸಾಕ್ಷ್ಯ ಒದಗಿಸಿತು. 1980ರ ದಶಕದ ಕೊನೆಯಲ್ಲಿ ಅಲ್ಲಿಯ ಮಕ್ಕಳ ತಂಡಗಳ ಗೆರೆಯನ್ನು ಜನವರಿಯಿಂದ ಆಗಸ್ಟ್‌ಗೆ ಸರಿಸಿದರು. ಆ ಮಕ್ಕಳು ಬೆಳೆದು ದೊಡ್ಡವರ ತಂಡ ಸೇರಿದಾಗ, ಅನುಕೂಲದ ತಿಂಗಳುಗಳೂ ಗೆರೆಯನ್ನು ಹಿಂಬಾಲಿಸಿ ಸರಿದಿದ್ದುವು. ಲಿಟಲ್ ಲೀಗ್ ಕೂಡ 2006ರಲ್ಲಿ ಗೆರೆಯನ್ನು ಏಪ್ರಿಲ್ 30ಕ್ಕೂ 2018ರ ವೇಳೆಗೆ ಆಗಸ್ಟ್ 31ಕ್ಕೂ ಸರಿಸಿತು. ಗೆರೆ ಸರಿದರೆ ಅನುಕೂಲ ಬೇರೆಯವರಿಗೆ ಹೋಗುತ್ತದೆಯೇ ಹೊರತು ಅಳಿಯುವುದಿಲ್ಲ. ತರಬೇತುದಾರನ ಮಗನನ್ನು ಕುರಿತು ಊರೆಲ್ಲ ಮಾತನಾಡುತ್ತದೆ. ಜುಲೈಯಲ್ಲಿ ಹುಟ್ಟಿದ ಹುಡುಗನ ಪರವಾಗಿ ಮಾತನಾಡಿದವರು ಬಹುಕಾಲ ಯಾರೂ ಇರಲಿಲ್ಲ.

ನ್ಯಾಯದ ಉಪಕರಣಗಳು

ಹಾಗಾದರೆ ಮಾಡಬೇಕಾದುದೇನು? ತರಬೇತುದಾರನ ಮನಸ್ಸನ್ನು ಶುದ್ಧಿಗೊಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಕೆಟ್ಟ ತಕ್ಕಡಿಯ ಬದಲು ಒಳ್ಳೆಯ ತಕ್ಕಡಿಯನ್ನು ಇಡುವುದು ನಮ್ಮ ಕೈಯಲ್ಲಿದೆ.

ಮೊದಲನೆಯದಾಗಿ, ಅಳತೆಯ ನಿಯಮವನ್ನು ಅಳೆಯುವ ಮುನ್ನವೇ ಬರೆದಿಡಬೇಕು. ಹೊಡೆತಕ್ಕೆ ಎಷ್ಟು ತೂಕ, ಓಟಕ್ಕೆ ಎಷ್ಟು, ಎಸೆತಕ್ಕೆ ಎಷ್ಟು, ಎಂದು ಋತುವಿನ ಆರಂಭದಲ್ಲಿಯೇ ಎಲ್ಲ ತಾಯಿತಂದೆಯರಿಗೆ ತಿಳಿಸಬೇಕು. “ಹೊಂದಿಕೊಳ್ಳುವ ಸ್ವಭಾವ, ಎದೆಗಾರಿಕೆ ಇವನ್ನು ಗಡಿಯಾರದಿಂದ ಅಳೆಯಲಾದೀತೆ?” ಎಂದು ತರಬೇತುದಾರರು ಆಕ್ಷೇಪಿಸುತ್ತಾರೆ. ಆಕ್ಷೇಪ ನ್ಯಾಯವಾದುದೇ. ಅವಕ್ಕೂ ತೂಕವಿರಲಿ, ಆದರೆ ಆ ತೂಕವೆಷ್ಟೆಂಬುದು ಮೊದಲೇ ಗೊತ್ತಿರಲಿ. ಹೆಸರುಗಳನ್ನು ನೋಡಿದ ಮೇಲೆ ಹುಟ್ಟಿಕೊಳ್ಳುವ ಗುಣಗಳು ಸಂದೇಹಾಸ್ಪದ.

ಎರಡನೆಯದಾಗಿ, ಅಳೆಯುವವನಿಗೆ ಅಳೆಯಲ್ಪಡುವವನ ಗುರುತು ಆದಷ್ಟು ತಿಳಿಯದಿರಬೇಕು. ಅಮೆರಿಕದ ದೊಡ್ಡ ವಾದ್ಯಮೇಳಗಳು 1970ರ ದಶಕದಿಂದೀಚೆಗೆ, ಅಭ್ಯರ್ಥಿಯನ್ನು ತೆರೆಯ ಹಿಂದೆ ಕೂರಿಸಿ ವಾದ್ಯ ನುಡಿಸಲು ಹೇಳುವ ಪದ್ಧತಿಯನ್ನು ಬೆಳೆಸಿಕೊಂಡುವು. ಕಿವಿಗೆ ಬೇಕಾದುದು ಸ್ವರ ಮಾತ್ರ. ಆಟಗಾರನನ್ನು ತೆರೆಯ ಹಿಂದೆ ನಿಲ್ಲಿಸಲಾಗದು, ನಿಜ. ಆದರೆ ಬೆನ್ನಿಗೆ ಹೆಸರಿನ ಬದಲು ಸಂಖ್ಯೆ ಹಚ್ಚಿ, ನೆರೆಯೂರಿನಿಂದ ಪರೀಕ್ಷಕರನ್ನು ಕರೆಸಬಹುದು. ಸಂಖ್ಯೆಯನ್ನು ಹುಟ್ಟಿದ ತಿಂಗಳ ಕ್ರಮದಲ್ಲಿ ಕೊಟ್ಟರೆ ಎಳೆಯರಾರೆಂಬುದು ಪರೀಕ್ಷಕನ ಕಣ್ಣಿಗೆ ಬಿದ್ದು, ಪಂಚಾಂಗದ ಪಕ್ಷಪಾತವೂ ಕಡಮೆಯಾಗುತ್ತದೆ.

ಮೂರನೆಯದಾಗಿ, ಒಬ್ಬನ ಕಣ್ಣಿಗಿಂತ ಹಲವರ ಕಣ್ಣು ಲೇಸು. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ಸ್ವಾರಸ್ಯದ ಸಂಗತಿಯನ್ನು ಪ್ರಕಟಿಸಿದನು. ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಪಂದ್ಯವಿತ್ತು. 787 ಚೀಟಿಗಳಲ್ಲಿ ಬಹುಪಾಲು ತಪ್ಪು; ಆದರೆ ಎಲ್ಲವನ್ನೂ ಏರುಕ್ರಮದಲ್ಲಿಟ್ಟಾಗ ನಟ್ಟನಡುವೆ ಬಂದ ಊಹೆ 1,207 ಪೌಂಡು; ನಿಜವಾದ ತೂಕ 1,198. ಹಲವರ ತಪ್ಪುಗಳು ಒಂದನ್ನೊಂದು ತಿಂದುಹಾಕಿದ್ದುವು. ಇದಕ್ಕೆ ಒಂದು ಷರತ್ತು ಮಾತ್ರ ಉಂಟು: ಪ್ರತಿಯೊಬ್ಬನೂ ತಾನೇ ಯೋಚಿಸಿ, ಬೇರೆಯವರ ಚೀಟಿ ನೋಡದೆ ಬರೆಯಬೇಕು. ಹತ್ತು ತರಬೇತುದಾರರು ಒಂದೇ ಮೇಜಿನ ಸುತ್ತ ಕುಳಿತು “ನೀನು ನನ್ನವನಿಗೆ ಕೈಯೆತ್ತು, ನಾನು ನಿನ್ನವನಿಗೆ ಎತ್ತುತ್ತೇನೆ” ಎಂದುಕೊಂಡರೆ, ಅಲ್ಲಿರುವುದು ಹತ್ತು ಜೊತೆ ಕಣ್ಣಲ್ಲ, ಒಂದೇ ಜೊತೆ. ಆಟಗಾರರು, ತರಬೇತುದಾರರು, ತೀರ್ಪುಗಾರರು, ಪದಾಧಿಕಾರಿಗಳು ಬೇರೆ ಬೇರೆಯಾಗಿ ಪಟ್ಟಿ ಕೊಡುವ ಕ್ರಮವನ್ನು ಲಿಟಲ್ ಲೀಗ್ ಸೂಚಿಸಿರುವುದರ ಬೆಲೆ ಇಲ್ಲಿ ತಿಳಿಯುತ್ತದೆ. ತನ್ನ ಮಗುವಿಗೆ ಯಾರೂ ಅಂಕ ಕೊಡಕೂಡದೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಕೊನೆಯದು, ಎಲ್ಲಕ್ಕಿಂತ ಕಷ್ಟವಾದುದು: ಅಳತೆ ಎಲ್ಲಿ ನಿಂತಿತೋ ಅಲ್ಲಿ ನಿಂತಿತೆಂದು ಒಪ್ಪಿಕೊಳ್ಳುವುದು. ಕೊನೆಯ ಮೂರು ಸ್ಥಾನಗಳಿಗೆ ಏಳು ಮಂದಿ ಸಮಾನರಾಗಿ ಕಂಡರೆ ಅವರನ್ನು ಸಮಾನರೆಂದೇ ಸಾರಿ ಚೀಟಿ ಎತ್ತಬಹುದು. ಅಥವಾ ಎರಡನೆಯದೊಂದು ತಂಡವನ್ನು ಕಟ್ಟಿ ಎಲ್ಲರಿಗೂ ಆಟ ಕಲ್ಪಿಸಬಹುದು. ಚೀಟಿ ಎತ್ತುವುದು ಪ್ರತಿಭೆಗೆ ಅವಮಾನವೆಂದು ಕೆಲವರು ಮುಖ ಸಿಂಡರಿಸುತ್ತಾರೆ. ಪ್ರಾಚೀನ ಅಥೆನ್ಸಿನ ಪ್ರಜೆಗಳು ತಮ್ಮ ಅನೇಕ ಅಧಿಕಾರಿಗಳನ್ನೇ ಚೀಟಿಯಿಂದ ಆರಿಸುತ್ತಿದ್ದರೆಂಬುದನ್ನು ಅವರು ನೆನೆಯಲಿ. ಅಳತೆ ಮಾತನಾಡುವಲ್ಲಿ ಚೀಟಿ ಎತ್ತಿದರೆ ಅದು ಮೂರ್ಖತನ. ಅಳತೆ ಮೂಕವಾದಲ್ಲಿ ಎತ್ತಿದರೆ ಅದು ಪ್ರಾಮಾಣಿಕತೆ. ಚೀಟಿಗೆ ಮಗನಿಲ್ಲ, ಸ್ನೇಹಿತನಿಲ್ಲ, ಹುಟ್ಟಿದ ತಿಂಗಳ ಹಂಗಿಲ್ಲ.

ಅವನಿಗೆ ಏನು ಹೇಳೋಣ?

ಮತ್ತೆ ಆ ಹದಿಮೂರನೆಯ ಹುಡುಗನ ಬಳಿಗೆ ಹೋಗೋಣ. ಅವನಿಗೆ ಇಂದು ಎರಡು ಮಾತುಗಳಲ್ಲಿ ಒಂದನ್ನು ಹೇಳಲಾಗುತ್ತದೆ. “ನೀನು ಸಾಲದಾದೆ” ಎಂಬುದು ಒಂದು. “ನಿನಗೆ ಮೋಸವಾಯಿತು” ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ಅವನು ದಾಂಡನ್ನು ಮೂಲೆಗೆ ಒರಗಿಸುತ್ತಾನೆ. ಎರಡನೆಯದನ್ನು ನಂಬಿದರೆ ಲೋಕದ ಮೇಲೆ ಕಹಿ ಬೆಳೆಸಿಕೊಳ್ಳುತ್ತಾನೆ. ಬಹಳ ಸಲ ಎರಡೂ ನಿಜವಲ್ಲ. ನಿಜವಾದ ಮಾತು ಇದು: “ಹನ್ನೆರಡನೆಯವನಿಗೂ ನಿನಗೂ ಇರುವ ಅಂತರವನ್ನು ಅಳೆಯಬಲ್ಲ ಉಪಕರಣ ನಮ್ಮಲ್ಲಿಲ್ಲ. ನಾವು ಒಂದು ಗೆರೆ ಎಳೆಯಬೇಕಾಗಿತ್ತು, ಎಳೆದೆವು. ಗೆರೆ ನಮ್ಮದು, ನಿನ್ನದಲ್ಲ.”

ಈ ಮಾತನ್ನು ಹೇಳುವ ಹಕ್ಕು ಬರಬೇಕಾದರೆ ಆಯ್ಕೆಗಾರನು ತನ್ನ ತಕ್ಕಡಿಯನ್ನು ಎಲ್ಲರೆದುರು ಇಟ್ಟು ತೂಗಿರಬೇಕು. ಬೇಸ್‌ಬಾಲ್ ದೂರದ ಆಟ. ಆದರೆ ಶಾಲೆಯ ತಂಡ, ನಾಟಕದ ಪಾತ್ರ, ವಿದ್ಯಾರ್ಥಿವೇತನ, ಪರೀಕ್ಷೆಯ ಕಟ್ಟಕಡೆಯ ಸೀಟು, ಇವೆಲ್ಲ ನಮ್ಮ ವಾಚಕರಿಗೆ ಹತ್ತಿರದವೇ. ಅಲ್ಲೆಲ್ಲ ಒಬ್ಬ ಹನ್ನೆರಡನೆಯವನೂ ಒಬ್ಬ ಹದಿಮೂರನೆಯವನೂ ಇರುತ್ತಾರೆ. ಮುಂದೊಂದು ದಿನ ವಾಚಕರಲ್ಲಿ ಕೆಲವರು ಪಟ್ಟಿ ತಯಾರಿಸುವ ಮೇಜಿನ ಹಿಂದೆ ಕುಳಿತುಕೊಳ್ಳುತ್ತಾರೆ. ಹನ್ನೆರಡನೆಯ ಹೆಸರನ್ನು ಬರೆದು ಲೇಖನಿಯನ್ನು ಕೆಳಗಿಡುವ ಮುನ್ನ, ಹದಿಮೂರನೆಯ ಹೆಸರನ್ನು ಒಮ್ಮೆ ಓದಿ, “ಇವರಿಬ್ಬರ ನಡುವಣ ಅಂತರವನ್ನು ನಾನು ಅಳೆದೆನೆ, ಇಲ್ಲವೆ ಊಹಿಸಿದೆನೆ?” ಎಂದು ತಮ್ಮನ್ನು ತಾವು ಕೇಳಿಕೊಂಡರೆ, ಪ್ರಯೋಗಶಾಲೆಯಲ್ಲಿ ದೋಷಗಳನ್ನು ಲೆಕ್ಕಹಾಕುತ್ತ ಕಳೆದ ಮಧ್ಯಾಹ್ನಗಳು ಸಾರ್ಥಕವಾದುವೆಂದು ನಾವು ತಿಳಿಯುತ್ತೇವೆ.